ಮಗಳ ಪಾಲು: ಕಾನೂನು ಕೊಟ್ಟದ್ದು, ನಾವು ಬರೆಸಿಕೊಂಡದ್ದು

ಹತ್ತನೆಯ ತರಗತಿಯ ಸಮಾಜಶಾಸ್ತ್ರದ ಪಾಠದಲ್ಲಿ ಮೂಲಭೂತ ಹಕ್ಕುಗಳ ವಿಷಯ ಬಂದಾಗ ನಾವು ಪ್ರತಿ ವರ್ಷವೂ ಒಂದೇ ಮಾತನ್ನು ಕರಿಹಲಗೆಯ ಮೇಲೆ ಬರೆಯುತ್ತೇವೆ. ಕಾನೂನಿನ ಮುಂದೆ ಎಲ್ಲರೂ ಸಮಾನರು. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಸರಕಾರವು ಯಾರಿಗೂ ಭೇದ ಮಾಡಕೂಡದು. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಂಕ ಪಡೆಯುತ್ತಾರೆ. ಕಳೆದ ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಾಗಾದರೆ ನಮ್ಮ ಅಡಿಕೆ ತೋಟದಲ್ಲಿ ನನಗೂ ಪಾಲು ಉಂಟಾ ಮಾಷ್ಟ್ರೇ?" ಎಂದು ಕೇಳಿದಳು. ಹುಡುಗರು ನಕ್ಕರು. ಕೆಲವು ಹುಡುಗಿಯರೂ ನಕ್ಕರು. ನಾವು "ಉಂಟು" ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆವು. ಗಂಟೆ ಬಾರಿಸುವ ಹೊತ್ತಾಗಿತ್ತು ಎಂಬುದೊಂದು ನೆಪ. ಪೂರ್ತಿ ಉತ್ತರ ಹೇಳಲು ನಮಗೆ ಧೈರ್ಯ ಸಾಲದೇ ಹೋಯಿತು ಎಂಬುದೇ ನಿಜ.

ಆ ಪೂರ್ತಿ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ತಂದೆತಾಯಿಯರೂ ಅಣ್ಣತಮ್ಮಂದಿರೂ ಓದಲಿ ಎಂಬ ಉದ್ದೇಶದಿಂದ ತರಗತಿಗೆ ಹೇಳುವ ಬದಲು ಪತ್ರಿಕೆಗೆ ಬರೆಯುತ್ತಿದ್ದೇವೆ.

ಸಂವಿಧಾನ ಮತ್ತು ಮನೆಯ ಹೊಸ್ತಿಲು

ಮೊದಲು ಒಂದು ಸಂಗತಿ ಸ್ಪಷ್ಟವಾಗಬೇಕು. 1950ರ ಜನವರಿ 26ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನದ 14, 15 ಮತ್ತು 16ನೆಯ ವಿಧಿಗಳು ಸ್ತ್ರೀಗೆ ಸಮಾನತೆಯ ಭರವಸೆ ಕೊಟ್ಟಿವೆ. ಸ್ತ್ರೀಯರಿಗಾಗಿ ವಿಶೇಷ ಏರ್ಪಾಡು ಮಾಡಲು 15ನೆಯ ವಿಧಿಯ ಮೂರನೆಯ ಉಪವಿಧಿ ಅವಕಾಶವನ್ನೂ ಇಟ್ಟಿದೆ. ಆದರೆ ಇವು ಮುಖ್ಯವಾಗಿ ಸರಕಾರದ ಕೈಯನ್ನು ಕಟ್ಟಿಹಾಕುವ ಮಾತುಗಳು. ತಂದೆಯ ಆಸ್ತಿ ಯಾರಿಗೆ ಎಷ್ಟು ಎಂಬುದನ್ನು ಹೇಳುವುದು ಉತ್ತರಾಧಿಕಾರದ ಕಾನೂನು. ಅದು ಬೇರೆ ಬೇರೆ ಮತದವರಿಗೆ ಬೇರೆ ಬೇರೆ. ಹೀಗಾಗಿ ಮತ ಹಾಕುವ ಹಕ್ಕು ಹೆಣ್ಣಿಗೆ ಸಂವಿಧಾನದಿಂದಲೇ ಬಂದರೂ, ಮನೆಯ ಹೊಸ್ತಿಲೊಳಗಿನ ಹಕ್ಕು ಬರಲು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹಿಂದೂ ಕಾನೂನನ್ನು ಒಂದು ಕ್ರಮಕ್ಕೆ ತರುವ ಕೆಲಸಕ್ಕೆ 1941ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರಾಗಿದ್ದವರು ನಮ್ಮದೇ ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ಬಿ. ಎನ್. ರಾವ್. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾಗಿ ಹೆಸರಾದವರೂ ಅವರೇ. ಆ ಕರಡು ಮಸೂದೆಯನ್ನು ಕೈಗೆತ್ತಿಕೊಂಡ ಡಾ. ಅಂಬೇಡ್ಕರರು ಅದು ಪಾರ್ಲಿಮೆಂಟಿನಲ್ಲಿ ಮುಂದೆ ಸಾಗದೆ ಹೋದಾಗ 1951ರಲ್ಲಿ ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಕಾರಣಗಳಲ್ಲಿ ಇದೂ ಮುಖ್ಯವಾದುದು. ಕೊನೆಗೆ 1955 ಮತ್ತು 1956ರಲ್ಲಿ ಆ ಮಸೂದೆ ನಾಲ್ಕು ತುಂಡುಗಳಾಗಿ ಶಾಸನವಾಯಿತು. ಅದರಲ್ಲೊಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ.

ಅಳಿಯಕಟ್ಟು, ಮಕ್ಕಳಕಟ್ಟು

ನಮ್ಮ ಊರಿನ ಮಟ್ಟಿಗೆ ಈ ವಿಷಯ ಇನ್ನೂ ಸ್ವಾರಸ್ಯವಾದುದು. ಒಂದೇ ಗ್ರಾಮದಲ್ಲಿ, ಒಂದೇ ತೋಡಿನ ನೀರು ಕುಡಿಯುವ ಎರಡು ತೋಟಗಳಲ್ಲಿ ಎರಡು ಬಗೆಯ ಕಾನೂನು ನಡೆಯುತ್ತಿದ್ದ ನಾಡು ನಮ್ಮದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಕಟ್ಟು. ಬ್ರಾಹ್ಮಣರೇ ಮೊದಲಾದ ಕೆಲವರಲ್ಲಿ ಮಕ್ಕಳಕಟ್ಟು. ಭೂತಾಳಪಾಂಡ್ಯನ ಕಥೆ ನಮ್ಮ ಹಿರಿಯರಿಗೆಲ್ಲ ಗೊತ್ತು. ಹಡಗಿನ ಬಲಿಗೆ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪದಿದ್ದಾಗ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಆದುದರಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂದು ಕಟ್ಟಾಯಿತು ಎಂಬುದು ಐತಿಹ್ಯ. ಕಥೆ ಹೇಗೇ ಇರಲಿ, ಈ ಪದ್ಧತಿಯಲ್ಲಿ ಕುಟುಂಬ ಬೆಳೆಯುತ್ತಿದ್ದುದು ಹೆಣ್ಣಿನಿಂದ. ಒಬ್ಬ ಹೆಣ್ಣು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ಕವರು. ಕುಟುಂಬದಲ್ಲಿ ಹಿರಿಯಳು ಹೆಣ್ಣಾದರೆ ಅವಳೇ ಯಜಮಾನ್ತಿಯಾಗಲೂ ಪದ್ಧತಿಯಲ್ಲಿ ಎಡೆಯಿತ್ತು.

ಹಾಗೆಂದು ಅಲ್ಲಿ ಎಲ್ಲವೂ ಹೆಣ್ಣಿನ ಕೈಯಲ್ಲಿತ್ತೆಂದು ತಿಳಿಯುವುದು ಸರಿಯಲ್ಲ. ಹೆಸರು ಹೆಣ್ಣಿನದು, ಬೀಗದ ಕೈ ಹೆಚ್ಚಾಗಿ ಮಾವನದು. ಎಲ್ಲರೂ ಒಪ್ಪದ ಹೊರತು ಪಾಲಾಗುವಂತೆಯೂ ಇರಲಿಲ್ಲ. ನಾವು ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1949ರಲ್ಲಿ, ಬಂದ ಅಳಿಯಸಂತಾನ ಕಾಯ್ದೆ ಕವರಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಇಷ್ಟೆಲ್ಲ ಕುಂದುಗಳಿದ್ದರೂ ಒಂದು ಮಾತು ಉಳಿಯುತ್ತದೆ. ತಾಯಿಮನೆ ಹೆಣ್ಣಿನದು, ಅವಳು ಅಲ್ಲಿಗೆ ನೆಂಟಳಲ್ಲ ಎಂಬ ಭಾವನೆ ಅಳಿಯಕಟ್ಟಿನಲ್ಲಿತ್ತು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆ ಮಕ್ಕಳಕಟ್ಟಿನದು.

ಒಂಬತ್ತು ಎಕ್ರೆಯ ಲೆಕ್ಕ

ಮಕ್ಕಳಕಟ್ಟಿನ ಮನೆಯಲ್ಲಿ 1956ರ ಕಾಯ್ದೆ ಏನು ಮಾಡಿತು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವೇ ಇದು.

ಒಬ್ಬರಿಗೆ ಪಿತ್ರಾರ್ಜಿತವಾಗಿ ಬಂದ 9 ಎಕ್ರೆ ಜಾಗವಿದೆ. ಹೆಂಡತಿ ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ವೀಲುನಾಮೆ ಬರೆಯದೆ ತಂದೆ ತೀರಿಹೋದರು. ಮಗಳಿಗೆಷ್ಟು?

ಮೂರು ಎಕ್ರೆ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. 1956ರ ಕಾನೂನಿನಲ್ಲಿ ಹಾಗಿರಲಿಲ್ಲ. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಆದುದರಿಂದ ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ಪಾಲಾದಂತೆ ಭಾವಿಸಬೇಕು. ತಲಾ 3 ಎಕ್ರೆ. ಅನಂತರ ತಂದೆಯ 3 ಎಕ್ರೆ ಮಾತ್ರ ಮೂವರು ಮಕ್ಕಳಿಗೆ ಸಮಪಾಲು. ಅಂದರೆ ಗಂಡುಮಕ್ಕಳಿಗೆ 4 ಎಕ್ರೆಯಂತೆ 8 ಎಕ್ರೆ, ಮಗಳಿಗೆ 1 ಎಕ್ರೆ. ತಂದೆಯ ಸ್ವಯಾರ್ಜಿತವಾಗಿದ್ದರೆ ಮಾತ್ರ ಮೂವರಿಗೂ ಸಮಪಾಲು. ವಾಸದ ಮನೆಯ ವಿಷಯದಲ್ಲಂತೂ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಮಗಳು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದವಳು, ವಿಧವೆ, ಗಂಡ ಬಿಟ್ಟವಳು ಅಥವಾ ಗಂಡನಿಂದ ಬೇರೆಯಾದವಳು ಆಗಿದ್ದರೆ ಅಲ್ಲಿ ತಂಗಬಹುದಿತ್ತು, ಅಷ್ಟೆ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಕೇರಳ ವಿಧಾನಸಭೆ 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡುವ ಕಾಯ್ದೆಯನ್ನು ಒಪ್ಪಿತು. 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಹುಟ್ಟಿನಿಂದ ಬರುವ ಹಕ್ಕು ಇನ್ನು ಯಾರಿಗೂ ಇಲ್ಲ ಎಂದಿತು. ಅಳಿಯಕಟ್ಟಿನ ಕುಟುಂಬಗಳಲ್ಲಿ ಅಂದು ಜೀವಿಸಿದ್ದ ಪ್ರತಿ ಸದಸ್ಯರಿಗೂ, ಹೆಣ್ಣೆಂದರೂ ಗಂಡೆಂದರೂ, ತಲಾ ಒಂದು ಪಾಲು ಸಿಕ್ಕಿತು. ಮಕ್ಕಳಕಟ್ಟಿನಲ್ಲಿಯೂ ಇದು ಸಮಾನತೆಯೇ ಎಂದು ಅನೇಕರು ತಿಳಿದರು. ಆದರೆ ಲೆಕ್ಕ ಹಾಕಿ ನೋಡಿ. ಆ ದಿನ ಅಲ್ಲಿ ಪಾಲು ಪಡೆದವರು ಯಾರು? ಅದಾಗಲೇ ಹುಟ್ಟಿನ ಹಕ್ಕಿದ್ದ ತಂದೆ ಮತ್ತು ಇಬ್ಬರು ಗಂಡುಮಕ್ಕಳು. ತಲಾ 3 ಎಕ್ರೆ. ತಂದೆಯ ಕಾಲಾನಂತರ ಅವರ 3 ಎಕ್ರೆಯಲ್ಲಿ ಮಗಳಿಗೆ ಮತ್ತೆ 1 ಎಕ್ರೆ! ಮಗಳಿಗೂ ಎಲೆ ಹಾಕಿ ಎಂದರೆ, ಕುಳಿತವರಿಗೆಲ್ಲ ಬಡಿಸಿ ಮುಗಿಸಿ ಪಂಕ್ತಿಯನ್ನೇ ಎತ್ತಿದ ಹಾಗಾಯಿತು.

ಬೇರೆ ರಾಜ್ಯಗಳು ಇನ್ನೊಂದು ದಾರಿ ಹಿಡಿದವು. ಆಂಧ್ರಪ್ರದೇಶ, ತಮಿಳುನಾಡು, ಅವುಗಳ ಹಿಂದೆ 1994ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟವು. ಅಲ್ಲಿಯೂ ಒಂದು ಕೊಕ್ಕೆ ಇತ್ತು. ಆ ತಿದ್ದುಪಡಿ ಬರುವ ಮುಂಚೆ ಮದುವೆಯಾದವಳಿಗೆ ಅದು ಇಲ್ಲ. ಹೀಗೆ ಗಡಿಯ ಆಚೆ ಬಂಟ್ವಾಳ, ಪುತ್ತೂರಿನ ಕಡೆ ಅಕ್ಕನಿಗೆ ಇಲ್ಲದ್ದು ತಂಗಿಗೆ ಸಿಕ್ಕ ಮನೆಗಳುಂಟು. ಮಗಳ ಹಕ್ಕು ಅವಳ ಮದುವೆಯ ತಾರೀಕಿನ ಮೇಲೆ ನಿಂತಿತ್ತು. ಮಗನ ಹಕ್ಕಿಗೆ ಅವನ ಮದುವೆಯ ತಾರೀಕನ್ನು ಯಾರೂ ಕೇಳಲಿಲ್ಲ.

2005ರ ಬದಲಾವಣೆ

ಇಡೀ ದೇಶಕ್ಕೆ ಅನ್ವಯವಾಗುವ ಬದಲಾವಣೆ ಬಂದುದು 2005ರ ಸೆಪ್ಟೆಂಬರ್ 9ರಂದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೆಯ ಕಲಮು ತಿದ್ದುಪಡಿಯಾಗಿ, ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳಾದಳು. ಮದುವೆಯಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯಿಲ್ಲ. ವಾಸದ ಮನೆಯ ತಡೆಯೂ ಹೋಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ಪಾಲು, ಮಾರಾಟ ಇವುಗಳನ್ನು ಮಾತ್ರ ಮುಟ್ಟುವಂತಿಲ್ಲ. 2005ರ ಆ ದಿನ ತಂದೆ ಜೀವಂತವಾಗಿರಬೇಕೆಂಬ ವಾದವೊಂದು ಬಹುಕಾಲ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ, ಹಕ್ಕು ಹುಟ್ಟಿನಿಂದ ಬಂದುದಾದ ಕಾರಣ ತಂದೆ ಬದುಕಿರಬೇಕೆಂದಿಲ್ಲ ಎಂದು ಇತ್ಯರ್ಥ ಮಾಡಿತು.

ಕೇರಳದಲ್ಲಿ ಮಾತ್ರ ಮತ್ತೊಂದು ತೊಡಕು ಉಳಿಯಿತು. ಇಲ್ಲಿ ಅವಿಭಕ್ತ ಕುಟುಂಬವೇ ರದ್ದಾಗಿರುವಾಗ 2005ರ ತಿದ್ದುಪಡಿ ಯಾವುದಕ್ಕೆ ಅಂಟಿಕೊಳ್ಳಬೇಕು? ಈ ಒಂದು ವಾದದಿಂದ ನಮ್ಮ ಹೆಣ್ಣುಮಕ್ಕಳು ಹಿಂದಕ್ಕೆ ಸರಿಯಬೇಕಾಯಿತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠವೊಂದು, 1975ರ ಕಾಯ್ದೆಯ 3 ಮತ್ತು 4ನೆಯ ಕಲಮುಗಳು ಕೇಂದ್ರದ 2005ರ ತಿದ್ದುಪಡಿಗೆ ವಿರುದ್ಧವಾಗಿವೆ, ಆದುದರಿಂದ ನಿಲ್ಲಲಾರವು ಎಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ರ ಅನಂತರ ತೀರಿಕೊಂಡ ಹಿಂದೂ ತಂದೆಯ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಅದು ಹೇಳಿತು. ಆ ಲೆಕ್ಕದ ಪ್ರಕಾರ ನಮ್ಮ 9 ಎಕ್ರೆಯಲ್ಲಿ ಮಗಳಿಗೆ 3 ಎಕ್ರೆ. ಮಕ್ಕಳು ಥಟ್ಟನೆ ಹೇಳಿದ ಉತ್ತರ ಸರಿಯಾಗಲು 1956ರಿಂದ 2025ರ ತನಕ ಹೋಗಬೇಕಾಯಿತು.

ಕ್ರೈಸ್ತ ಬಂಧುಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಗ ಮಗಳು ಸಮಾನರು. ಹಳೆಯ ತಿರುವಾಂಕೂರಿನಲ್ಲಿ ಮಾತ್ರ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು ಎಂಬ ಕಾನೂನಿತ್ತು. ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿನ ತನಕ ಹೋರಾಡಿ 1986ರಲ್ಲಿ ಅದನ್ನು ಕೆಡವಿದರು. ಮುಸಲ್ಮಾನರಲ್ಲಿ ಶರೀಅತ್ತಿನ ಪ್ರಕಾರ ಮಗಳಿಗೆ ಮಗನ ಪಾಲಿನ ಅರ್ಧ.

ನಾವು ಹಾಕಿದ ಸಾಕ್ಷಿ

ಇಷ್ಟೆಲ್ಲ ಕಾನೂನು ಬಂದಮೇಲೂ ನಮ್ಮ ಊರಿನ ಹೆಣ್ಣುಮಕ್ಕಳ ಹೆಸರಿನಲ್ಲಿ ಎಷ್ಟು ತೋಟಗಳಿವೆ? ವಾಚಕರು ತಂತಮ್ಮ ನೆರೆಕರೆಯನ್ನೇ ನೋಡಿಕೊಳ್ಳಲಿ. ಕಾನೂನು ಕೊಟ್ಟದ್ದನ್ನು ಒಂದು ಕಾಗದ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅದು ಹಕ್ಕು ಬಿಟ್ಟುಕೊಟ್ಟ ಪತ್ರ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಹದಿಮೂರು ವರ್ಷಗಳ ಹಿಂದೆ ನಮ್ಮ ಶಿಷ್ಯೆಯೊಬ್ಬಳ ಅಣ್ಣ ಬಂದು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಹಾಕಲು ಬರಬೇಕು ಮಾಷ್ಟ್ರೇ ಎಂದು ಕರೆದ. ಹಳ್ಳಿಯಲ್ಲಿ ಇಂಥ ಕೆಲಸಕ್ಕೆ ಅಧ್ಯಾಪಕರನ್ನು ಕರೆಯುವುದು ವಾಡಿಕೆ. ನಮಗೆ ಮಲಯಾಳ ಓದಲು ಬರುತ್ತದೆ ಎಂಬುದೂ ಒಂದು ಕಾರಣ. ಅವಳಿಗೆ ಮದುವೆಯಾಗಿ ಎರಡು ತಿಂಗಳು. ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ದಸ್ತಾವೇಜು ಮಲಯಾಳದಲ್ಲಿತ್ತು.

"ಇದರಲ್ಲಿ ಎಂತ ಬರೆದದ್ದು ಅಣ್ಣ?" ಎಂದು ಅವಳು ಕೇಳಿದಳು.

"ಎಲ್ಲ ಸರಿ ಉಂಟು. ಮಾಷ್ಟ್ರೇ ಇದ್ದಾರಲ್ಲ," ಎಂದ ಅವನು.

ಅವಳು ನಮ್ಮ ಮುಖ ನೋಡಿದಳು. ನಾವು ತಲೆಯಾಡಿಸಿದೆವು. ಅವಳು ಸಹಿ ಹಾಕಿದಳು, ನಾವು ಸಾಕ್ಷಿ ಹಾಕಿದೆವು. ಮನಃಪೂರ್ವಕವಾಗಿ, ಯಾರ ಒತ್ತಾಯವೂ ಇಲ್ಲದೆ, ಸರ್ವ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. ನಾವು ಅದನ್ನು ಓದಿದ್ದೆವು. ಮದುವೆಗೆ ಚಿನ್ನ ಹಾಕಿದ್ದಾರೆ, ಒಳ್ಳೆಯ ಮನೆಗೆ ಕೊಟ್ಟಿದ್ದಾರೆ, ಇದು ಎಲ್ಲ ಕಡೆ ನಡೆಯುವುದೇ ಎಂದು ನಮ್ಮ ಮನಸ್ಸು ಸಮಾಧಾನ ಹೇಳಿಕೊಂಡಿತು.

ಈಚೆಗೆ ಅವಳು ಶಾಲೆಗೆ ಬಂದಿದ್ದಳು, ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು. ಗಂಡ ತೀರಿಕೊಂಡು ಎರಡು ವರ್ಷ. ಬಾಡಿಗೆ ಮನೆ. ಬೀಡಿ ಕಟ್ಟುತ್ತಾಳೆ. ಅರ್ಜಿ ತುಂಬಿಸಿ ಮುಗಿದಮೇಲೆ, "ಅಂದು ನೀವು ಆ ಕಾಗದ ಓದಿದ್ದಿರಾ ಮಾಷ್ಟ್ರೇ?" ಎಂದು ಮೆಲ್ಲಗೆ ಕೇಳಿದಳು. ಆಕ್ಷೇಪಣೆಯ ಧ್ವನಿ ಇರಲಿಲ್ಲ. ಓದಿದ್ದೆವು ಎಂದೆವು. ಅವಳು ಮತ್ತೇನೂ ಕೇಳಲಿಲ್ಲ.

ನಮ್ಮ ಭಾಷೆಯ ಹಕ್ಕಿಗಾಗಿ ನಾವು ಸಭೆ ಮಾಡುತ್ತೇವೆ, ಮನವಿ ಕೊಡುತ್ತೇವೆ. ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ನಮಗಿದೆ ಎಂದು ವಾದಿಸುತ್ತೇವೆ. ಅದು ಸರಿಯೇ. ಅದೇ ನಾವು ನಮ್ಮ ತಂಗಿಯ ಮುಂದೆ ಅವಳಿಗೆ ಓದಲು ಬಾರದ ಕಾಗದವನ್ನು ಚಾಚುತ್ತೇವೆ! ಅರ್ಥವಾಗದ ಭಾಷೆಯಲ್ಲಿ ಆಡಳಿತ ನಡೆಸುವುದು ಅನ್ಯಾಯವಾದರೆ, ಅರ್ಥವಾಗದ ಭಾಷೆಯಲ್ಲಿ ಹಕ್ಕು ಬರೆಸಿಕೊಳ್ಳುವುದು ನ್ಯಾಯವಾಗುವುದು ಹೇಗೆ?

ಹೇಳುವ ಸಮಾಧಾನಗಳು

ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂಬುದು ಮೊದಲನೆಯ ಸಮಾಧಾನ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಂತೆ ಅಪರಾಧ. ಅಪರಾಧವನ್ನು ಪಾಲಿನ ಲೆಕ್ಕಕ್ಕೆ ಬರೆಯುವುದು ಎಂಥ ಜಮಾಖರ್ಚು? ಅಲ್ಲದೆ ಚಿನ್ನ ವರ್ಷ ವರ್ಷ ಅಡಿಕೆ ಬಿಡುವುದಿಲ್ಲ. ಮಗನ ಓದಿಗೂ ಮದುವೆಗೂ ಆದ ಖರ್ಚನ್ನು ಅವನ ಪಾಲಿನಿಂದ ಯಾರೂ ಕಳೆಯುವುದಿಲ್ಲ.

ತಂದೆತಾಯಿಯನ್ನು ನೋಡಿಕೊಳ್ಳುವವನು ಮಗನಲ್ಲವೇ ಎಂಬುದು ಎರಡನೆಯದು. ನೋಡಿಕೊಂಡವರಿಗೆ ಹೆಚ್ಚು ಸಲ್ಲಬೇಕೆಂದು ತೋರಿದರೆ ತಂದೆಗೆ ವೀಲುನಾಮೆ ಬರೆಯುವ ಸ್ವಾತಂತ್ರ್ಯವಿದೆ. ಸ್ವಯಾರ್ಜಿತವನ್ನು ಮನಸ್ಸಿಗೆ ಬಂದವರಿಗೆ ಬರೆಯಬಹುದು. ಆದರೆ ಆಸ್ಪತ್ರೆಯಲ್ಲಿ ರಾತ್ರಿ ಕುಳಿತವರು ಯಾರು ಎಂದು ಲೆಕ್ಕ ಹಾಕಲು ಹೊರಟರೆ ಅನೇಕ ಮನೆಗಳಲ್ಲಿ ಮಗಳ ಹೆಸರೇ ಮೊದಲು ಬರುತ್ತದೆ.

ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬುದು ಮೂರನೆಯದು, ಹೆಣ್ಣುಮಕ್ಕಳೇ ಹೇಳುವಂಥದು. ಇದಕ್ಕೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ಅಣ್ಣನ ಮನೆಯ ಹಬ್ಬದ ಊಟ, ಹೆರಿಗೆಯ ಬಾಣಂತನ, ಕಷ್ಟಕ್ಕೊಂದು ನೆರಳು ಇವು ಅವಳಿಗೆ ಬೇಕು. ಅದನ್ನು ಉಳಿಸಿಕೊಳ್ಳಲೆಂದೇ ಅವಳು ಸಹಿ ಹಾಕುತ್ತಾಳೆ. ಪ್ರೀತಿಯಿಂದ ಬಿಟ್ಟುಕೊಡುವ ಅಕ್ಕತಂಗಿಯರೂ ಇದ್ದಾರೆ, ಅದು ಅವರ ದೊಡ್ಡಗುಣ. ಆದರೆ ಬಿಡುತ್ತಿರುವುದು ಏನು, ಎಷ್ಟು ಎಂದು ತಿಳಿದು ಬಿಟ್ಟರೆ ಮಾತ್ರ ಅದು ದಾನ.

ಕಾನೂನಿನಲ್ಲಿ ಉಳಿದಿರುವ ಕೊರತೆ

ಕಾನೂನು ಪೂರ್ತಿ ನೆಟ್ಟಗಾಗಿದೆ ಎಂದೂ ಹೇಳುವಂತಿಲ್ಲ. ಮಕ್ಕಳಿಲ್ಲದ ಹಿಂದೂ ವಿಧವೆಯೊಬ್ಬಳು ವೀಲುನಾಮೆ ಬರೆಯದೆ ತೀರಿಕೊಂಡರೆ, ಅವಳು ಸ್ವತಃ ದುಡಿದು ಗಳಿಸಿದ್ದು 1956ರ ಕಾಯ್ದೆಯ 15ನೆಯ ಕಲಮಿನಂತೆ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವಳನ್ನು ಹೆತ್ತವರ ಸರದಿ ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಮೊಕದ್ದಮೆ ಬಂತು. ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರಬಿದ್ದು, ತವರಿನವರ ಆಸರೆಯಲ್ಲಿ ಓದಿ ನೌಕರಿ ಹಿಡಿದ ಹೆಂಗಸಿನ ಉಳಿತಾಯದ ಹಣ ಕಲಮಿನ ಪ್ರಕಾರ ಗಂಡನ ಕಡೆಯವರಿಗೇ ಸೇರಿತು. ಮಗನ ಸ್ವಯಾರ್ಜಿತಕ್ಕೆ ಇಂಥ ನಿಯಮವಿಲ್ಲ. ಅವನ ತಾಯಿ ಮೊದಲ ಸಾಲಿನ ವಾರಸುದಾರಳು. ಆಶ್ಚರ್ಯವೆಂದರೆ, ಅದೇ 1956ರ ಕಾಯ್ದೆ ಅಳಿಯಕಟ್ಟಿನ ಸ್ತ್ರೀಗೆ 17ನೆಯ ಕಲಮಿನಲ್ಲಿ ಬೇರೆಯೇ ಕ್ರಮವನ್ನು ಬರೆದಿತ್ತು. ಮಕ್ಕಳ ಜೊತೆ ತಾಯಿ ಮೊದಲು, ಗಂಡನ ವಾರಸುದಾರರು ಕಟ್ಟಕಡೆಗೆ. ಭೂತಾಳಪಾಂಡ್ಯನ ಕಟ್ಟಿನಲ್ಲಿದ್ದ ಒಂದು ಒಳ್ಳೆಯ ಅಂಶ ದಿಲ್ಲಿಯವರಿಗೂ ಒಪ್ಪಿಗೆಯಾಗಿತ್ತು ಎಂದಾಯಿತು.

ಆದುದರಿಂದ ನೌಕರಿಯಲ್ಲಿರುವ ಸೋದರಿಯರು, ಮುಖ್ಯವಾಗಿ ಅಧ್ಯಾಪಿಕೆಯರು ಮತ್ತು ದಾದಿಯರು, ವೀಲುನಾಮೆಯನ್ನು ಮುದಿತನಕ್ಕೆಂದು ಮುಂದೆ ಹಾಕದಿರಲಿ. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಕನ್ನಡದಲ್ಲಿಯೇ ಬರೆಯಬಹುದು.

ಕೊನೆಯದಾಗಿ ಕೆಲವು ಮಾತು

ಯಾವ ದಸ್ತಾವೇಜಿಗೇ ಆಗಲಿ, ಓದಿಸಿ ಅರ್ಥ ಕೇಳದೆ ಸಹಿ ಹಾಕಬೇಡಿ. ನಾಳೆ ಹಾಕುತ್ತೇನೆ ಎಂದು ಹೇಳುವುದು ಅವಿನಯವಲ್ಲ. ರಿಜಿಸ್ಟ್ರಾರರು ಇದು ನಿಮ್ಮದೇ ಸಹಿಯೇ, ಒಪ್ಪಿಗೆಯೇ ಎಂದು ಕೇಳುವ ಹೊತ್ತು ಬರಿಯ ಶಾಸ್ತ್ರವಲ್ಲ, ಬೇಡವೆನ್ನಲು ಉಳಿದಿರುವ ಹೊತ್ತು ಅದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಸ್ತ್ರೀಯರಿಗೆ ವಕೀಲರ ಸಹಾಯ ಉಚಿತ, ಆದಾಯದ ಮಿತಿಯೂ ಇಲ್ಲ. ಜಿಲ್ಲಾ ಪ್ರಾಧಿಕಾರ, ತಾಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲಿಯೇ ಸಿಗುತ್ತವೆ. ಹಿಂದೆ ಸಹಿ ಹಾಕಿದವರೂ ಕಾಗದದ ನಕಲು ಹಿಡಿದು ಅಲ್ಲಿ ಒಮ್ಮೆ ವಿಚಾರಿಸಲಿ. ನಮ್ಮ ಶಿಷ್ಯೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದ್ದೇವೆ. ಬರುತ್ತೇನೋ ಇಲ್ಲವೋ ಎಂದು ಅವಳಿನ್ನೂ ಹೇಳಿಲ್ಲ. ಅಣ್ಣನಿಗೆ ಬೇಸರವಾದೀತು ಎಂಬ ಚಿಂತೆ ಅವಳಿಗೆ.

ಅಣ್ಣತಮ್ಮಂದಿರಿಗೆ ಹೇಳುವುದು ಇಷ್ಟೆ. ಪಾಲುಪಟ್ಟಿ ಬರೆಯಲು ಕುಳಿತಾಗ ತಂಗಿಯನ್ನೂ ಕರೆದು ಚಾಪೆ ಹಾಕಿ ಕೂರಿಸಿ, ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ. ಅಧ್ಯಾಪಕ ಬಂಧುಗಳಿಗೂ ಒಂದು ವಿನಂತಿ. ಸಾಕ್ಷಿ ಹಾಕಲು ಕರೆದರೆ ಹೋಗಿ. ಹೋದಮೇಲೆ ಓದಿದ್ದನ್ನು ಗಟ್ಟಿಯಾಗಿ ಓದಿ.

ಹಿಂದಿನ ಬೆಂಚಿನ ಆ ಹುಡುಗಿಗೆ ನಾವು ಕೊಟ್ಟ ಉತ್ತರ ಒಂದೇ ಪದದ್ದು. ಈ ವರ್ಷ ಆ ಪಾಠ ಬಂದಾಗ ಒಂಬತ್ತು ಎಕ್ರೆಯ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸುವುದೆಂದು ನಿಶ್ಚಯಿಸಿದ್ದೇವೆ. ಹುಡುಗರೂ ಬರೆದುಕೊಳ್ಳಲಿ.